ಮಗ್ಗದ ಗುಂಡಿಗೆ ಇಳಿದು ನೋಡಿ

ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳಬೇಕೆಂದು ನಿಮ್ಮಲ್ಲಿ ಯಾರಾದರೂ ಯೋಚಿಸಿದ್ದರೆ, ಹಣ ಕಟ್ಟುವ ಮೊದಲು ನನ್ನ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಬೈಯುವುದಕ್ಕೆ ಕರೆಯುತ್ತಿಲ್ಲ. ಅಪ್ಪ ಅಮ್ಮ ಸಾಲ ಮಾಡಿ ಓದಿಸಿದ್ದಾರೆ, ಎರಡು ಅರಿಯರ್ ಇನ್ನೂ ಬಾಕಿ ಇವೆ, ಕ್ಯಾಂಪಸ್ಸಿಗೆ ಕಂಪನಿ ಬರುತ್ತದೋ ಇಲ್ಲವೋ ತಿಳಿಯದು. ಅಂಥ ಹೊತ್ತಿನಲ್ಲಿ ಡಬ್ಬಿಯೊಳಗೆ ಕೂಡಿಸಿಟ್ಟ ಸರ್ಕಿಟ್ಟು, ಜೊತೆಗೆ ಬೈಂಡು ಮಾಡಿದ ವರದಿ ಕಂಡರೆ ಯಾರ ಕೈಯಾದರೂ ಅತ್ತ ಚಾಚುತ್ತದೆ. ಆದರೆ ಆ ಪ್ರಾಜೆಕ್ಟಿನ ತಪ್ಪುಗಳನ್ನೆಲ್ಲ ಬೇರೆ ಯಾರೋ ಮಾಡಿ, ತಿದ್ದಿ, ಮುಗಿಸಿರುತ್ತಾರೆ. ನೀವು ಕಾಲೇಜಿಗೆ ಸೇರಿದ್ದು ಆ ತಪ್ಪುಗಳನ್ನು ನಿಮ್ಮ ಕೈಯಾರೆ ಮಾಡುವುದಕ್ಕೆ. ಅದೇ ಪಾಲನ್ನು ಮಾರಿಕೊಂಡರೆ ಉಳಿಯುವುದು ಬರೀ ಕಾಗದ.

ನಾನು ಸೇಲಂ ಕಡೆಯ ಕನ್ನಡ ದೇವಾಂಗರ ಮನೆಯವನು. ಗೋಡೆಯ ಮೇಲೆ ಚೌಡೇಶ್ವರಿಯ ಪಟ, ಅದರ ಕೆಳಗೇ ಅಪ್ಪನ ಗುಂಡಿ ಮಗ್ಗ. ಚೈತ್ರ, ವೈಶಾಖದ ಬಿಸಿಲಿನಲ್ಲಿ ಹಾಸಿನ ಎಳೆಗಳು ಪಟಪಟನೆ ಕಡಿಯುತ್ತಿದ್ದವು. ಅಪ್ಪ ಮಾತಾಡದೆ ಎದ್ದು, ಗುಂಡಿಯ ಮಣ್ಣಿಗೆ ಒಂದು ಚೊಂಬು ನೀರು ಚಿಮುಕಿಸಿ ಮತ್ತೆ ಲಾಳಿ ಹಿಡಿಯುತ್ತಿದ್ದರು. ಹತ್ತಿಯ ನೂಲು ತೇವ ಹೀರಿದರೆ ಗಟ್ಟಿಯಾಗುತ್ತದೆ, ಒಣಗಿದರೆ ಪೆಡಸಾಗಿ ಕಡಿಯುತ್ತದೆ. ಮಗ್ಗವನ್ನು ನೆಲದೊಳಕ್ಕೆ ಇಳಿಸಿದ್ದರಲ್ಲಿ ಈ ತಿಳಿವಳಿಕೆಯೂ ಇದೆ. ಮುಂದೆ ಕಾಲೇಜಿನಲ್ಲಿ ಗಾಳಿಯ ಆರ್ದ್ರತೆಯ ಪಾಠ ಬಂತು. ನಕ್ಷೆ ಬರೆದೆ, ಲೆಕ್ಕ ಬಿಡಿಸಿದೆ, ಒಳ್ಳೆಯ ಅಂಕ ತೆಗೆದೆ. ಅಪ್ಪನ ಆ ಚೊಂಬು ನೀರು ಮಾತ್ರ ಒಮ್ಮೆಯೂ ನೆನಪಾಗಲಿಲ್ಲ. ಮನೆಯ ಗುಂಡಿ ಒಂದು ಲೋಕ, ಕಾಲೇಜಿನ ಪುಸ್ತಕ ಇನ್ನೊಂದು ಲೋಕ ಎಂದು ನಾನು ನಂಬಿಬಿಟ್ಟಿದ್ದೆ. ಹಾಗೆ ನಂಬಬೇಡವೆಂದು ನನಗೆ ಯಾರೂ ಹೇಳಲಿಲ್ಲ. ಈಗ ನಿಮಗೆ ನಾನು ಹೇಳುತ್ತಿದ್ದೇನೆ.

ಪ್ರಯೋಗಶಾಲೆಯಲ್ಲಿ ಆಗೆಲ್ಲ ಒಂದು ಲೇತಿನ ಸುತ್ತ ನಲವತ್ತು ಜನ. ಮುಂದಿನ ಸಾಲಿನವರು ನೋಡುತ್ತಿದ್ದರು, ಹಿಂದಿನವರು ಕೇಳುತ್ತಿದ್ದರು. ನಾನು ಪದವಿ ಮುಗಿಸಿದಾಗ ಒಂದು ಬೋಲ್ಟನ್ನು ಎಷ್ಟು ಬಿಗಿದರೆ ಎಳೆ ಕೆಡುತ್ತದೆ ಎಂಬುದು ನನ್ನ ಮಣಿಕಟ್ಟಿಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ನನ್ನ ಮೊದಲ ಕೆಲಸದ ಜಾಗದ ಒಬ್ಬ ಫಿಟ್ಟರ್. ಹತ್ತನೆಯ ಕ್ಲಾಸು ದಾಟಿದವರಲ್ಲ. ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ಮೋಟರಿನ ಬೇರಿಂಗ್ ಮನೆಯ ಮೇಲೆ ಊರಿ, ಅದರ ಹಿಡಿಯನ್ನು ನನ್ನ ಕಿವಿಗೆ ಒತ್ತಿಸಿ, ಏನು ಕೇಳಿಸುತ್ತದೆ ಎಂದರು. ಒಳ್ಳೆಯ ಬೇರಿಂಗು ಒಂದೇ ಸಮನೆ ಗುನುಗುತ್ತದೆ, ಕೆಡುತ್ತಿರುವುದು ಮರಳು ಅರೆದಂತೆ ಗರಗರ ಎನ್ನುತ್ತದೆ. ಒಂದು ವಾರ ಪೂರ್ತಿ ಅವರು ನನ್ನನ್ನು ಯಂತ್ರದಿಂದ ಯಂತ್ರಕ್ಕೆ ಕರೆದೊಯ್ದು ಕೇಳಿಸಿದರು. ಬೇರೇನೂ ಮಾಡಿಸಲಿಲ್ಲ. ಇವತ್ತು ಅದೇ ಕಂಪನವನ್ನು ಸೆನ್ಸರಿನಲ್ಲಿ ಹಿಡಿದು ಪರದೆಯ ಮೇಲೆ ನೋಡುತ್ತೀರಿ. ನೋಡಿ. ಆದರೆ ಒಂದು ಸಲವಾದರೂ ಕಿವಿಯಿಂದ ಕೇಳಿ, ಪರದೆಯ ಗೆರೆ ಏನು ಹೇಳುತ್ತಿದೆ ಎಂಬುದು ಆಮೇಲೆ ಬೇರೆಯೇ ರೀತಿ ಅರ್ಥವಾಗುತ್ತದೆ. ಮೆಂಟರ್ ಎಂಬ ಪದ ಈಗ ಕಾಲೇಜುಗಳ ಗೋಡೆಗಳಲ್ಲೆಲ್ಲ ಇದೆ. ನನಗೆ ಆ ಪದ ಕೇಳಿದಾಗ ನೆನಪಾಗುವುದು ಎಣ್ಣೆಗೈಯ ಆ ಮನುಷ್ಯರು.

ಕೈ ಪಳಗಿದ ಮೇಲೂ ನಾನೊಂದು ದೊಡ್ಡ ತಪ್ಪು ಮಾಡಿದೆ. ನಮ್ಮ ಅತ್ತೆ ದಿನವಿಡೀ ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ಅವರ ಭುಜದ ನೋವು ನೋಡಲಾರದೆ ಚಿಕ್ಕ ಮೋಟರು ಹಾಕಿ ಒಂದು ಸುತ್ತುವ ಯಂತ್ರ ಮಾಡಿಕೊಟ್ಟೆ, ಕುರ್ಚಿಯಲ್ಲಿ ಕೂತು ನಡೆಸುವ ಎತ್ತರಕ್ಕೆ. ಅತ್ತೆ ಕೂರುತ್ತಿದ್ದದ್ದು ನೆಲದ ಮೇಲೆ. ನೂಲಿನ ಬಿಗಿಯನ್ನು ಅವರು ಹೆಬ್ಬೆರಳಿನಲ್ಲಿ ಅಳೆಯುತ್ತಿದ್ದರು, ನನ್ನ ಯಂತ್ರದಲ್ಲಿ ಬೆರಳಿಗೆ ಜಾಗವೇ ಇರಲಿಲ್ಲ. ಎರಡು ತಿಂಗಳಲ್ಲಿ ಅದು ಅಟ್ಟ ಸೇರಿತು. ವರ್ಷಗಳಾದ ಮೇಲೆ ಕೇಳಿದೆ, ಯಾಕೆ ಹೇಳಲಿಲ್ಲ ಅತ್ತೆ ಅಂತ. ನೀನು ಕೇಳಲಿಲ್ಲವಲ್ಲ ಮಗ ಅಂದರು. ನಾನು ಕಲಿತ ಎಂಜಿನಿಯರಿಂಗಿನಲ್ಲಿ ಇದಕ್ಕಿಂತ ಭಾರವಾದ ಪಾಠ ಇನ್ನೊಂದಿಲ್ಲ. ಯಂತ್ರ ಬಳಸುವವರು ಮೊದಲ ದಿನದಿಂದ ನಿಮ್ಮ ತಂಡದಲ್ಲಿರಬೇಕು. ಕೊನೆಯ ದಿನ ಕರೆದು ಫೋಟೋಗೆ ನಿಲ್ಲಿಸಿಕೊಳ್ಳುವುದಕ್ಕೆ ಪಾಲುದಾರಿಕೆ ಎನ್ನಬಾರದು.

ಇನ್ನು ಪ್ರಾಜೆಕ್ಟಿಗೆ ವಿಷಯ ಸಿಗುವುದಿಲ್ಲ ಎನ್ನುವ ಮಾತು. ಸೇಲಂ, ಧರ್ಮಪುರಿಯಲ್ಲಿದ್ದುಕೊಂಡು ಹಾಗೆ ಹೇಳಬೇಡಿ. ಸೇಲಂ ಸುತ್ತಲಿನ ಸಬ್ಬಕ್ಕಿ ಗಿರಣಿಗಳನ್ನು ನೋಡಿ. ಮರಗೆಣಸು ಅರೆದು ಹಿಟ್ಟು ಇಳಿಸಿದ ಮೇಲೆ ಉಳಿಯುವ ನೀರು ಹುಳಿಯಾಗಿ ನಾರುತ್ತದೆ. ಅದೇ ನೀರಿನಿಂದ ಅನಿಲ ತೆಗೆದು ಗಿರಣಿಗೇ ಉರಿಸುವವರೂ ಇಲ್ಲಿದ್ದಾರೆ. 1981ರಿಂದ ಈ ಗಿರಣಿಗಳಿಗೆ ಸ್ಯಾಗೋಸರ್ವ್ ಎಂಬ ಸಹಕಾರ ಸಂಘವೂ ಇದೆ. ಹೋಗಿ ಬಾಗಿಲು ತಟ್ಟಿ.

ಧರ್ಮಪುರಿಯವರಿಗೆ ನೀರಿನದೇ ಮಾತು. ಅಲ್ಲಿನ ಕಲ್ಲಿನಲ್ಲಿ ಫ್ಲೋರೈಡ್ ಇದೆ. ಗಟ್ಟಿ ಬಂಡೆಯ ಸೀಳುಗಳಲ್ಲಿ ನೀರು ಎಷ್ಟು ಹೆಚ್ಚು ಕಾಲ ನಿಲ್ಲುತ್ತದೋ ಅಷ್ಟು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ನಮ್ಮ ಮಾನಕ ಹೇಳುತ್ತದೆ. ದಾಟಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಕಂದು ಗೆರೆಗಳನ್ನೂ, ಬೆನ್ನು ನೆಟ್ಟಗೆ ಮಾಡಲಾರದ ಹಿರಿಯರನ್ನೂ ನೀವು ನಿಮ್ಮೂರಲ್ಲೇ ನೋಡಿರುತ್ತೀರಿ. ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ತರುವ ದೊಡ್ಡ ಯೋಜನೆ ಜಪಾನಿನ ಸಾಲದ ನೆರವಿನಿಂದ ನಡೆದು 2013ರಲ್ಲಿ ಉದ್ಘಾಟನೆಯಾಯಿತು. ಹೊಗೇನಕಲ್ಲು, ಹೊಗೆಯಾಡುವ ಕಲ್ಲು. ಹೆಸರೇ ನಮ್ಮ ಮಾತಿನದು. ನಲ್ಲಿಯಲ್ಲಿ ನದಿ ನೀರು ಬಾರದ ದಿನ ಜನ ಮತ್ತೆ ಬೋರಿನ ಹ್ಯಾಂಡಲ್ ಹಿಡಿಯುತ್ತಾರೆ. ಕಾಯಿಸಿ ಕುಡಿದರೆ ಸಾಕೆಂದು ಅನೇಕ ತಾಯಂದಿರು ನಂಬಿದ್ದಾರೆ. ಕಾಯಿಸಿದರೆ ಆವಿಯಾಗುವುದು ನೀರು, ಫ್ಲೋರೈಡ್ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಬಣ್ಣ ನೋಡಿ ಅಳೆಯುವ ಒಂದು ಕಿಟ್ ಹಿಡಿದು ನಿಮ್ಮೂರಿನ ಇಪ್ಪತ್ತು ಬೋರುಗಳ ನೀರು ಪರೀಕ್ಷಿಸಿ, ಬೇಸಿಗೆಯಲ್ಲೊಮ್ಮೆ, ಮಳೆಯಾದ ಮೇಲೊಮ್ಮೆ. ಊರ ನಕ್ಷೆಯ ಮೇಲೆ ಗುರುತಿಸಿ ಶಾಲೆಯ ಗೋಡೆಗೆ ಅಂಟಿಸಿ. ಆಮೇಲೆ ಶೋಧಕದ ಯೋಚನೆ. ಸುಣ್ಣ, ಪಟಿಕ ಹಾಕಿ ಕಲಕಿ ಫ್ಲೋರೈಡನ್ನು ತಳಕ್ಕಿಳಿಸುವ ನಲ್ಗೊಂಡ ವಿಧಾನ ನಮ್ಮ ದೇಶದವರೇ ಕಂಡುಹಿಡಿದದ್ದು. ಅದರ ಕೆಸರನ್ನು ಎಲ್ಲಿ ಚೆಲ್ಲುತ್ತೀರಿ? ಅಲ್ಯುಮಿನಾ ಶೋಧಕವಾದರೆ ಅದು ತುಂಬಿದ ಮೇಲೆ ಕ್ಷಾರ, ಆಮ್ಲಗಳಿಂದ ತೊಳೆದು ಮತ್ತೆ ಸಜ್ಜುಮಾಡಬೇಕು. ಆ ಕೆಲಸ ಯಾರದು? ಹಳ್ಳಿಯ ಶೋಧಕ ನಿಂತುಹೋಗುವುದು ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳದ್ದರಿಂದ ಎಂದು ನನ್ನ ಅನುಭವ. ಉತ್ತರ ಹೇಳಬಲ್ಲವರು ದಿನಾ ಕೊಡ ಹೊರುವ ಹೆಂಗಸರು.

ಧರ್ಮಪುರಿಯ ಸಿತ್ತಿಲಿಂಗಿ ಕಣಿವೆಗೆ ಒಮ್ಮೆ ಹೋಗಿ ಬನ್ನಿ. 1993ರಲ್ಲಿ ವೈದ್ಯ ದಂಪತಿ ರೆಜಿ ಮತ್ತು ಲಲಿತಾ ಅಲ್ಲಿ ಗುಡಿಸಲಿನಲ್ಲಿ ಆಸ್ಪತ್ರೆ ಶುರುಮಾಡಿ, ಆ ಕಣಿವೆಯ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಶುಶ್ರೂಷೆಯ ಕೆಲಸ ಕಲಿಸಿದರು. ಅಲ್ಲೇ ತುಳಿರ್ ಎಂಬ ಕಲಿಕಾ ಕೇಂದ್ರವೂ ಹುಟ್ಟಿತು. ತಮಿಳಿನ ತುಳಿರ್ ಎಂದರೆ ನಮ್ಮ ತಳಿರು. ಶಾಲೆ ಕೈಬಿಟ್ಟ ಹುಡುಗ ಹುಡುಗಿಯರು ಅಲ್ಲಿ ಗೋಡೆ ಕಟ್ಟುತ್ತ, ವಿದ್ಯುತ್ ಜೋಡಣೆ ಮಾಡುತ್ತ ಲೆಕ್ಕ ಕಲಿತರು. ಎಂಜಿನಿಯರಿಂಗ್ ಕಾಲೇಜುಗಳ ನಮ್ಮ ಮೇಷ್ಟ್ರುಗಳು ಅದನ್ನು ಕಣ್ಣಾರೆ ನೋಡಬೇಕು. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಮೊದಲ ವರ್ಷದ ಮಕ್ಕಳಿಗೇ ತಂಡ ಕಟ್ಟಿ ವಸ್ತು ಮಾಡಿ ತೋರಿಸುವ ಕೋರ್ಸು ಇಟ್ಟಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಿಂದಲೇ ವಿದ್ಯಾರ್ಥಿಗಳು ಊರಿನ ಸಂಸ್ಥೆಗಳ ಕೆಲಸವನ್ನು ಪಠ್ಯದ ಭಾಗವಾಗಿ ಮಾಡುತ್ತಾರೆ. ನಮಗೆ ಆಗದ್ದೇನಲ್ಲ.

ನಿಮ್ಮಲ್ಲಿ ಬಹಳ ಜನ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ಮೂರರಲ್ಲೂ ಅರೆಬರೆ ಎಂದು ಕುಗ್ಗುವುದನ್ನು ನೋಡಿದ್ದೇನೆ. ಕುಗ್ಗಬೇಡಿ. ಮಗ್ಗದವರ ಹತ್ತಿರ ಕನ್ನಡದಲ್ಲಿ, ಲೇತ್ ವರ್ಕ್‌ಶಾಪಿನ ಅಣ್ಣನ ಹತ್ತಿರ ತಮಿಳಿನಲ್ಲಿ ಕೇಳಿ, ಮೋಟರಿನ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಓದಬಲ್ಲವರು ಎಷ್ಟು ಜನ ಇದ್ದಾರೆ? ಮೂರು ಕಡೆಯ ಮಾತನ್ನೂ ಒಂದೇ ಮೇಜಿಗೆ ತರಬಲ್ಲವರು ನೀವು.

ಹೆಣ್ಣುಮಕ್ಕಳೇ, ನಿಮಗೆ ಬೇರೆಯಾಗಿ ಒಂದು ಮಾತು. ಲ್ಯಾಬಿನಲ್ಲಿ ನಾಲ್ವರ ತಂಡವಾದರೆ ಸ್ಪ್ಯಾನರ್ ಹುಡುಗರ ಕೈಗೆ, ರೆಕಾರ್ಡ್ ಪುಸ್ತಕ ನಿಮ್ಮ ಕೈಗೆ ಬರುತ್ತದೆ, ಅಕ್ಷರ ಚೆನ್ನಾಗಿದೆಯೆಂಬ ಹೊಗಳಿಕೆಯ ಜೊತೆಗೆ. ವಾರಕ್ಕೊಬ್ಬರಂತೆ ಬರೆಯೋಣ ಎನ್ನಿ, ಸ್ಪ್ಯಾನರನ್ನು ಕೇಳಿ ತೆಗೆದುಕೊಳ್ಳಿ. ಮದರಾಸಿನ ಗಿಂಡಿ ಕಾಲೇಜಿಗೆ 1940ರಲ್ಲಿ ಸೇರಿದ ಎ. ಲಲಿತಾ ಹದಿನೆಂಟಕ್ಕೇ ವಿಧವೆಯಾಗಿ, ಕೈಕೂಸು ಇದ್ದವರು. ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರ ತಂದೆ ಪಪ್ಪು ಸುಬ್ಬಾರಾವ್ ಮಗಳಿಗೆ ಸೀಟು ಸಿಕ್ಕಿತೆಂದು ಸುಮ್ಮನಾಗಲಿಲ್ಲ. ಅವಳು ಒಂಟಿಯಾಗಬಾರದೆಂದು, ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತದೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಹಾಗೆ ಬಂದವರು ಲೀಲಮ್ಮ ಜಾರ್ಜ್ ಮತ್ತು ಪಿ. ಕೆ. ತ್ರೇಸ್ಯಾ. ತ್ರೇಸ್ಯಾ 1971ರಲ್ಲಿ ಕೇರಳದ ಮುಖ್ಯ ಎಂಜಿನಿಯರ್ ಆದರು. ಒಬ್ಬಳು ಬಂದಾಗ ಇನ್ನಿಬ್ಬರನ್ನು ಹುಡುಕಿದ ಆ ತಂದೆಯ ಕೆಲಸವನ್ನು ನೀವು ಈಗ ಮಾಡಬೇಕು. ಮೂರನೆಯ ವರ್ಷದವರು ಮೊದಲ ವರ್ಷದ ಇಬ್ಬರನ್ನು ಜೊತೆಗೆ ತೆಗೆದುಕೊಳ್ಳಿ. ಅವರಲ್ಲಿ ಒಬ್ಬರಾದರೂ ಮನೆಗೆ ಮೊದಲ ಪದವೀಧರರಾಗಲಿ.

ಸೇಲಂನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 1966ರದು, ಧರ್ಮಪುರಿಯದು 2013ರದು. ಸರ್ಕಾರಿ ಶಾಲೆಯ ಮಕ್ಕಳಿಗೆ ಎಂಜಿನಿಯರಿಂಗಿನಲ್ಲಿ ಶೇ. 7.5ರ ಮೀಸಲಾತಿ 2021ರಲ್ಲಿ ಬಂತು. ಬಾಗಿಲು ತೆರೆದಿದೆ. ಒಳಗೆ ಬಂದ ಮಗು ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ಅರಿಯರ್ ಇಟ್ಟುಕೊಂಡು ಹಾಸ್ಟೆಲಿನ ಮೂಲೆಯಲ್ಲಿ ಕೂತಾಗ ಪಕ್ಕದಲ್ಲಿ ಕೂರುವವರು ಬೇಕು. ಅದಕ್ಕೆ ಸರ್ಕಾರದ ಆದೇಶ ಬೇಡ, ಒಂದು ಸಂಜೆ ಬೇಕು.

ಅಪ್ಪನ ಮಗ್ಗ ಈಗಲೂ ಇದೆ, ಅತ್ತೆಯ ಮಗಳು ನೇಯುತ್ತಾಳೆ. ಎಳೆ ಕಡಿಯುವುದು ಈಗಲೂ ನಿಂತಿಲ್ಲ. ಚೊಂಬು ನೀರಿಗಿಂತ ಒಳ್ಳೆಯ ಉಪಾಯ ನಿಮಗೆ ಹೊಳೆಯಬಹುದು. ಏಪ್ರಿಲ್ ತಿಂಗಳ ಯಾವುದಾದರೂ ಶನಿವಾರ ಮಧ್ಯಾಹ್ನ ಎರಡಕ್ಕೆ ಬನ್ನಿ, ಬಿಸಿಲು ಜೋರಾಗಿರುವಾಗಲೇ. ತೇವ ಅಳೆಯುವ ಮೀಟರು ತನ್ನಿ, ಒಂದು ನೋಟ್‌ಬುಕ್ ತನ್ನಿ. ಚಪ್ಪಲಿ ಹೊರಗೆ ಬಿಟ್ಟು, ಮೊದಲು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಒಂದು ಗಂಟೆ ಲಾಳಿ ಹಾಕಿ. ಆಮೇಲೆ ಅವಳನ್ನು ಕೇಳಿ.