ರಣಜಿ ಸ್ಕೋರ್‌ಕಾರ್ಡ್ ಹಿಡಿದು ಹೇಳಿಕೊಟ್ಟ ಪಾಠಗಳು

ಬೆಂಗಳೂರಿನ ಲೀಗ್ ಕ್ಲಬ್ಬೊಂದರ ಹುಡುಗರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮಳೆಗೆ ನೆಟ್ಸ್ ನಿಂತ ದಿನ ಕರ್ನಾಟಕ ತಂಡದ ಹಳೆಯ ಸ್ಕೋರ್‌ಕಾರ್ಡ್‌ಗಳನ್ನು ಅವರ ಮುಂದೆ ಹರಡುತ್ತೇನೆ. ಎಂಟು ಸಲ ರಣಜಿ ಟ್ರೋಫಿ ಗೆದ್ದ ತಂಡ ಇದು. ಇಪ್ಪತ್ತು ಓವರ್‌ಗಳ ಆಟ ನೋಡುತ್ತ ಬೆಳೆದವರಿಗೆ ನಾಲ್ಕೈದು ದಿನಗಳ ಆಟದ ಉಸಿರು ಹಿಡಿಸಲು ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ.

1. ಮೊದಲ ಇನಿಂಗ್ಸ್ ಮುನ್ನಡೆ ಎಂದರೆ ಅರ್ಧ ಟ್ರೋಫಿ. ನಾಕೌಟ್ ಪಂದ್ಯ ಡ್ರಾ ಆದರೆ ಮುನ್ನಡೆ ಪಡೆದವರೇ ಗೆದ್ದಂತೆ. 1958-59ರಿಂದ ಸತತ 15 ವರ್ಷ ಬಾಂಬೆ ತಂಡ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನಮ್ಮವರು ಇನ್ನೂ ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದಾಗ, 1941-42 ಮತ್ತು 1959-60ರ ಫೈನಲ್‌ಗಳಲ್ಲಿ, ಸೋತದ್ದೂ ಅದೇ ಬಾಂಬೆಗೆ. 1974ರ ಸೆಮಿಫೈನಲ್‌ಗೆ ಬಾಂಬೆ ಬೆಂಗಳೂರಿಗೆ ಬಂತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದು ಮೊತ್ತವನ್ನು 385ಕ್ಕೆ ಮುಟ್ಟಿಸಿದರು. ಆಮೇಲೆ ನಾಯಕ ಎರಾಪಳ್ಳಿ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ವಾಡೇಕರ್ ರನ್ ಔಟ್ ಆದರು. ಬಾಂಬೆ 307ಕ್ಕೆ ಮುಗಿಯಿತು. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ಮೊದಲ ಸಲ ಕರ್ನಾಟಕಕ್ಕೆ ಬಂತು. ಇಂದಿಗೂ ನಾನು ಅತಿ ಹೆಚ್ಚು ಪ್ರೀತಿಯಿಂದ ಹೇಳುವ ಪಂದ್ಯ ಆ ಸೆಮಿಫೈನಲ್.

2. ಬಾಲಂಗೋಚಿಗಳಿಗೂ ನೆಟ್ಸ್‌ನಲ್ಲಿ ಪೂರ್ತಿ ಹೊತ್ತು ಬ್ಯಾಟಿಂಗ್ ಕೊಡಬೇಕು. ಯಾಕೆಂದು ಕೇಳುವ ಹುಡುಗನಿಗೆ 1981-82ರ ದೆಹಲಿ ಫೈನಲ್ ತೋರಿಸುತ್ತೇನೆ. ಕರ್ನಾಟಕ 705 ರನ್ ಪೇರಿಸಿತ್ತು. ದೆಹಲಿ 8 ವಿಕೆಟ್‌ಗೆ 589. ಅಲ್ಲಿಂದ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಮುರಿಯದ ಒಂಬತ್ತನೇ ವಿಕೆಟ್‌ಗೆ 118 ಸೇರಿಸಿ 707 ಮುಟ್ಟಿದರು. 705 ಹೊಡೆದ ತಂಡ ಸೋತಿತು! ಕೊನೆಯ ಎರಡು ವಿಕೆಟ್ ಕೀಳಲು ಬೇರೆಯದೇ ಯೋಚನೆ ಬೇಕು ಎಂಬುದನ್ನೂ ಬೌಲರ್‌ಗಳಿಗೆ ಇದೇ ಪಂದ್ಯದಿಂದ ಹೇಳುತ್ತೇನೆ. ಮರುವರ್ಷವೇ ನಮ್ಮವರು ಫೈನಲ್‌ನಲ್ಲಿ, ಬಾಂಬೆಯ ನೆಲದಲ್ಲೇ, ಬಾಂಬೆಯ ಮೇಲೆ ಮುನ್ನಡೆ ಪಡೆದು ಟ್ರೋಫಿ ಎತ್ತಿದರು.

3. ಮುನ್ನಡೆ ಹೋದರೆ ಪಂದ್ಯ ಹೋಯಿತೆಂದು ಹೆಗಲು ಇಳಿಬಿಡುವುದನ್ನು ನಾನು ಸಹಿಸುವುದಿಲ್ಲ. 1998-99ರ ಫೈನಲ್ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಮಧ್ಯಪ್ರದೇಶಕ್ಕೆ 75 ರನ್‌ಗಳ ಮುನ್ನಡೆ. ಕೊನೆಯ ದಿನ ಔಟಾಗದೆ ನಿಂತಿದ್ದರೂ ಟ್ರೋಫಿ ಅವರದೇ. ವಿಜಯ್ ಭಾರದ್ವಾಜ್ ಆಫ್ ಸ್ಪಿನ್ ಹಾಕಿ 24 ರನ್‌ಗೆ 6 ವಿಕೆಟ್ ಕಿತ್ತರು. ಎದುರಾಳಿ 150ಕ್ಕೆ ಆಲೌಟ್, ಕರ್ನಾಟಕಕ್ಕೆ 96 ರನ್ ಗೆಲುವು. ಸೋತ ನಾಯಕ ಚಂದ್ರಕಾಂತ್ ಪಂಡಿತ್ 2022ರಲ್ಲಿ ಅದೇ ಮೈದಾನಕ್ಕೆ ಮಧ್ಯಪ್ರದೇಶದ ಕೋಚ್ ಆಗಿ ಬಂದು ಮುಂಬೈಯನ್ನು ಸೋಲಿಸಿ ಟ್ರೋಫಿ ಒಯ್ದರು. ಅಂದು ನನಗೂ ಸಂತೋಷವಾಯಿತು.

4. ಸೋಲಿನ ಲೆಕ್ಕವನ್ನು ಸರಿಯಾದ ಜಾಗದಲ್ಲಿ ಹುಡುಕಬೇಕು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ 338ರ ಬೆನ್ನು ಹತ್ತಿ, ಮನೀಶ್ ಪಾಂಡೆ 144 ಹೊಡೆದರೂ, 6 ರನ್‌ನಿಂದ ಮುಂಬೈಗೆ ಸೋತೆವು. ಎಲ್ಲರೂ ಆ 6 ರನ್‌ಗೆ ಮರುಗುತ್ತಾರೆ. ನಾನು ಬೆರಳಿಡುವುದು ಮೊದಲ ಇನಿಂಗ್ಸ್‌ನ 130ರ ಮೇಲೆ.

5. ಐದು ವಿಕೆಟ್ ಬಿದ್ದ ಮೇಲೆ ಬರುವವನಿಗೆ ಗಡಿಯಾರ ಕಾಣಬಾರದು. 2015ರ ಫೈನಲ್, ವಾಂಖೆಡೆ. ನಾಯಕ ವಿನಯ್ ಕುಮಾರ್ ಐದು ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಉರುಳಿಸಿದರೂ, ನಮ್ಮದು 84ಕ್ಕೆ 5 ಆಗಿತ್ತು. ಅಲ್ಲಿ ಜೊತೆಯಾದ ಕರುಣ್ ನಾಯರ್ ಮತ್ತು ಕೆ.ಎಲ್. ರಾಹುಲ್ 386 ರನ್ ಸೇರಿಸಿದರು. ರಾಹುಲ್ 188. ಕರುಣ್ 328, ರಣಜಿ ಫೈನಲ್‌ಗಳಲ್ಲೇ ಅತಿ ದೊಡ್ಡ ಇನಿಂಗ್ಸ್. ವಿನಯ್ ಕೂಡ ಶತಕ ಬಾರಿಸಿದರು. ಇನಿಂಗ್ಸ್ ಮತ್ತು 217 ರನ್ ಗೆಲುವಿನೊಂದಿಗೆ ಸತತ ಎರಡನೇ ಟ್ರೋಫಿ.

6. ಬೌಲರ್‌ಗಳನ್ನು ರಾಜಧಾನಿಯ ಹೊರಗೂ ಹುಡುಕಬೇಕು. ದ್ರಾವಿಡ್ ಬಿಯುಸಿಸಿಯಲ್ಲಿ, ಕುಂಬ್ಳೆ ಯಂಗ್ ಕ್ರಿಕೆಟರ್ಸ್‌ನಲ್ಲಿ ಬೆಳೆದರು. ಬೆಂಗಳೂರಿನ ಕ್ಲಬ್‌ಗಳ ಋಣ ದೊಡ್ಡದು. ಬಹುಕಾಲ ಮ್ಯಾಟ್ ಮೇಲೆ ನಡೆದ ಇಲ್ಲಿನ ಲೀಗ್, ಚೆಂಡನ್ನು ಪುಟಿಸಬಲ್ಲ ಸ್ಪಿನ್ನರ್‌ಗಳಿಗೆ ಒಳ್ಳೆಯ ಗರಡಿಯಾಯಿತು. ಆದರೆ ಶ್ರೀನಾಥ್ ಮೈಸೂರಿನವರು, ವಿನಯ್ ದಾವಣಗೆರೆಯವರು. ಗದಗಿನ ಸುನಿಲ್ ಜೋಶಿ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಓಡಾಡುತ್ತಿದ್ದ ಹುಡುಗ. 1995-96ರ ಗೆಲುವಿನ ಋತುವಿನಲ್ಲಿ ಅವರು ಐನೂರಕ್ಕೂ ಹೆಚ್ಚು ರನ್ ಹೊಡೆದು ಐವತ್ತಕ್ಕೂ ಹೆಚ್ಚು ವಿಕೆಟ್ ಪಡೆದರು. ಅಭಿಮನ್ಯು ಮಿಥುನ್ ಡಿಸ್ಕಸ್ ಎಸೆಯುತ್ತಿದ್ದವರು, ಲೆದರ್ ಬಾಲ್ ಹಿಡಿದದ್ದೇ ಹದಿನೇಳರ ಆಸುಪಾಸಿನಲ್ಲಿ. ಹಾಗಾಗಿ ಟ್ರಯಲ್ಸ್‌ಗೆ ದೂರದೂರಿನಿಂದ ಬಂದ ಹುಡುಗನನ್ನು ಒಂದೇ ಓವರ್ ನೋಡಿ ಕಳಿಸಬಾರದು. ಹೊಸ ಚೆಂಡಿನಲ್ಲಿ ಒಂದು ಸ್ಪೆಲ್, ಊಟದ ನಂತರ ಹಳೆಯ ಚೆಂಡಿನಲ್ಲಿ ಇನ್ನೊಂದು, ಅದೂ ಒಳ್ಳೆಯ ಬ್ಯಾಟರ್‌ಗೇ ಹಾಕಿಸಿ ನೋಡಬೇಕು.