ಸಿಲ್ವಿಯಾ ಎಂಬ ಕಿರುಗ್ರಹ

ಬೇಸಿಗೆಯ ರಾತ್ರಿ. ಹುಮನಾಬಾದ್ ಕಡೆಯ ಒಂದು ಹಳ್ಳಿ. ಕರೆಂಟ್ ಇಲ್ಲ. ಅತ್ತೆ ಸೊಸೆ ಮಾಳಿಗೆ ಮೇಲೆ ಮಲಗಿದ್ದಾರೆ. ಸರ್ರನೆ ಒಂದು ಚಿಕ್ಕೆ ಜಾರಿತು.

"ಯವ್ವಾ, ಕೆಟ್ಟ ಶಕುನ! ಕೂಸಿನ ಮಾರಿ ಮುಚ್ಚು" ಎಂದಳು ಅತ್ತೆ.

ಸೊಸೆಗೆ ನಿದ್ದೆ ಬರಲಿಲ್ಲ. ಮರುದಿನ ಕಲಿಕಾ ಕೇಂದ್ರದಲ್ಲಿ ಕೇಳಿದಳು. "ಅಕ್ಕಾರ, ಆಕಾಶದಾಗ ದೊಡ್ಡ ದೊಡ್ಡ ಕಲ್ಲು ಅದಾವಂತ. ನಮ್ಮ ಮನಿ ಮ್ಯಾಲ ಬಿದ್ರ ಹ್ಯಾಂಗ್ರಿ?"

ಜಾರುವ ಚಿಕ್ಕೆ ನಿಜವಾಗಿ ಚಿಕ್ಕೆಯೇ ಅಲ್ಲ. ಹೆಚ್ಚಾಗಿ ಅದು ಮರಳಿನ ಕಾಳಿನಷ್ಟು ಧೂಳು. ಗಾಳಿಯಲ್ಲಿ ಉರಿದು ಹೋಗುತ್ತದೆ. ಅದಕ್ಕೂ ಕೂಸಿಗೂ ಸಂಬಂಧವಿಲ್ಲ.

ದೊಡ್ಡ ಕಲ್ಲುಗಳೂ ಇವೆ, ಸುಳ್ಳಲ್ಲ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಲಕ್ಷಗಟ್ಟಲೆ ಇವೆ. ಅವಕ್ಕೆ ಕಿರುಗ್ರಹ ಎನ್ನುತ್ತಾರೆ. ಒಂದರ ಹೆಸರು ಸಿಲ್ವಿಯಾ. ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿ.ಮೀ. ಅಂಥ ಒಂಬತ್ತು ಹಾದಿ ಕೂಡಿಸಿದರೆ ಸಿಲ್ವಿಯಾದ ಅಗಲ!

ಇದನ್ನು ಕಂಡುಹಿಡಿದದ್ದು ನಮ್ಮ ದೇಶದಲ್ಲೇ. 1866ರ ಮೇ 16ರಂದು ಮದ್ರಾಸಿನಲ್ಲಿ ನಾರ್ಮನ್ ಪಾಗ್ಸನ್ ಎಂಬವರು ದೂರದರ್ಶಕದಿಂದ ಕಂಡರು. ಬರಿಗಣ್ಣಿಗೆ ಇದು ಕಾಣದು. ಚಿಕ್ಕೆ ಅಲ್ಲವೆಂದು ತಿಳಿಯುವುದು ಹೇಗೆ? ಚಿಕ್ಕೆಗಳ ಗುಂಪು ದಿನಾ ಒಂದೇ ರೀತಿ ಇರುತ್ತದೆ. ಕಿರುಗ್ರಹ ಮಾತ್ರ ಆ ಗುಂಪಿನ ನಡುವೆ ದಿನದಿನಕ್ಕೆ ಜಾಗ ಬದಲಿಸುತ್ತದೆ. 2005ರ ಹೊತ್ತಿಗೆ ಸಿಲ್ವಿಯಾಕ್ಕೆ ಎರಡು ಪುಟ್ಟ ಚಂದ್ರರಿರುವುದೂ ತಿಳಿಯಿತು. ಕಲ್ಲಿಗೂ ಚಂದ್ರ!

ಇನ್ನು ಅದರ ದಾರಿ. ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿದ್ದೀರಲ್ಲ? ನಡುವೆ ಮೇಟಿ. ಒಳಗಿನ ಎತ್ತಿಗೆ ಸಣ್ಣ ಸುತ್ತು, ಹೊರಗಿನ ಎತ್ತಿಗೆ ದೊಡ್ಡ ಸುತ್ತು. ಸೂರ್ಯನೇ ಮೇಟಿ. ಭೂಮಿ ಒಳಗಿನ ಎತ್ತು, ಸಿಲ್ವಿಯಾ ಹೊರಗಿನದು. ಆದರೆ ಇವಕ್ಕೆ ಕೊರಳಹಗ್ಗ ಇಲ್ಲ. ಹೊರಗಿನದು ನಿಧಾನ. ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡಿದರೆ ಸಿಲ್ವಿಯಾ ಸುಮಾರು 16 ಕಿ.ಮೀ. ಓಡುತ್ತದೆ. ಒಂದು ಸುತ್ತಿಗೆ ಅದಕ್ಕೆ ಆರೂವರೆ ವರ್ಷ ಬೇಕು. ಅಷ್ಟರಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಆರು ಸಲವಾದರೂ ಆಗಿಹೋಗುತ್ತದೆ.

"ಅದು ದಾರಿ ಬಿಟ್ಟು ಬಂದ್ರ?" ಸೊಸೆ ಬಿಡಲಿಲ್ಲ. ಒಳ್ಳೆಯ ಪ್ರಶ್ನೆ.

ಭೂಮಿ ಸೂರ್ಯನಿಂದ 15 ಕೋಟಿ ಕಿ.ಮೀ. ದೂರ. ಸಿಲ್ವಿಯಾ ಸೂರ್ಯನಿಗೆ ತೀರ ಹತ್ತಿರ ಬಂದಾಗಲೂ ಸುಮಾರು 47 ಕೋಟಿ ಕಿ.ಮೀ. ದೂರ. ಕಳೆಯಿರಿ. ನಡುವೆ 32 ಕೋಟಿ ಕಿ.ಮೀ. ಉಳಿಯಿತು. 1866ರಿಂದ ಲೆಕ್ಕ ಇಟ್ಟಿದ್ದಾರೆ, ಅದು ತನ್ನ ದಾರಿಯಲ್ಲೇ ಇದೆ. ಬೇರೆ ಕೆಲವು ಕಲ್ಲುಗಳು ಭೂಮಿಯ ಸಮೀಪ ಬರುತ್ತವೆ. ಅವುಗಳ ಮೇಲೆ ವಿಜ್ಞಾನಿಗಳು ಕಣ್ಣಿಟ್ಟಿದ್ದಾರೆ.

ಸೊಸೆ ಈ ಲೆಕ್ಕವನ್ನು ಪಾಟಿಯ ಮೇಲೆ ಬರೆದುಕೊಂಡು ಮನೆಗೆ ಒಯ್ದಳು. ಅತ್ತೆಗೆ ಓದಿ ಹೇಳಿದಳು.

ಲೆಕ್ಕ ಮಾಡಿರಿ: ಇಂದು ಹುಟ್ಟಿದ ಕೂಸಿಗೆ, ಸಿಲ್ವಿಯಾ ಎರಡು ಸುತ್ತು ಮುಗಿಸುವಾಗ ಎಷ್ಟು ವರ್ಷ? ಆಗ ಆ ಕೂಸು ಯಾವ ತರಗತಿಯಲ್ಲಿ ಇರಬೇಕು?