ಹೆಂಗಸರ ಲಕ್ವ: ಆಂಬುಲೆನ್ಸ್‌ನಲ್ಲಿ ಕಲಿತದ್ದು

1. ಗಂಡಸು ಕುಸಿದರೆ ‘ಲಕ್ವ ಹೊಡೆದಿದೆ, ಬೇಗ ಬನ್ನಿ’ ಅಂತ 108ಕ್ಕೆ ಕರೆ ಬರುತ್ತದೆ. ಹೆಂಗಸಾದರೆ ತಲೆಸುತ್ತು, ಸುಸ್ತು, ಪಿತ್ತ, ಟೆನ್ಶನ್. ಬಾಯಿ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು ಇಬ್ಬರಿಗೂ ಉಂಟು. ಜೊತೆಗೆ ತಲೆನೋವು, ಮಂಕು ಬೆರೆತು ಬರುವುದು ಹೆಂಗಸರಲ್ಲಿ ಹೆಚ್ಚು. ಇದರಿಂದ ನಮ್ಮಂಥ ಇಎಂಟಿಗಳೂ (ಆಂಬುಲೆನ್ಸ್‌ನ ತುರ್ತು ಚಿಕಿತ್ಸಾ ಸಿಬ್ಬಂದಿ) ಎಡವುತ್ತೇವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2005ರಿಂದ 2018ರವರೆಗಿನ ಎರಡು ಲಕ್ಷಕ್ಕೂ ಹೆಚ್ಚು ಲಕ್ವ ರೋಗಿಗಳ ದಾಖಲೆ ತೆಗೆದು ನೋಡಿದರು. ಆಂಬುಲೆನ್ಸ್ ಹತ್ತಿದ ಪ್ರಮಾಣ ಹೆಂಗಸರದೇ ಜಾಸ್ತಿ. ಆದರೂ 70 ದಾಟದ ಹೆಂಗಸರ ಲಕ್ವವನ್ನು ಮೈಗ್ರೇನ್, ತಲೆನೋವು, ಆತಂಕ ಎಂದು ಸಿಬ್ಬಂದಿ ಬರೆದುಕೊಂಡದ್ದು ಗಂಡಸರಿಗಿಂತ ಹೆಚ್ಚು.

2. ಮೊದಲು ಗ್ಲುಕೋಮೀಟರ್. ಶುಗರ್ ಇಳಿದರೂ ಲಕ್ವದ ಹಾಗೇ ಕಾಣುತ್ತದೆ.

3. ಸೆರಗು ಸರಿಸದೆ ಮುಖ ನೋಡಿದೆ ಅನ್ನಬೇಡಿ. ‘ನಗಿ ಅಮ್ಮಾ’ ಅಂದರೆ ಅಪರಿಚಿತ ಗಂಡಸಿನೆದುರು ಯಾವ ಅಜ್ಜಿಯೂ ನಗುವುದಿಲ್ಲ. ‘ಹಲ್ಲು ಕಿರಿದು ತೋರಿಸಿ ಅಜ್ಜಿ’ ಅನ್ನಿ, ಸೊಸೆಯ ಕೈಲೇ ಹೇಳಿಸಿ. ಎರಡೂ ಕೈ ಮುಂದೆ ಚಾಚಿಸಿ, ಕಣ್ಣು ಮುಚ್ಚಿಸಿ, ಹತ್ತು ಎಣಿಸಿ. ಯಾವ ಕೈ ಜಾರುತ್ತದೆ ಅಂತ ಬಳೆಗಳೇ ಹೇಳುತ್ತವೆ.

4. ನನಗೆ ಅತಿ ಕಷ್ಟದ ಪ್ರಶ್ನೆ: ಕೊನೆಯ ಸಲ ಚೆನ್ನಾಗಿದ್ದದ್ದನ್ನು ನೋಡಿದ್ದು ಯಾವಾಗ? ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ 4.5 ಗಂಟೆಯ ಮಿತಿ. ಲಕ್ವ ಶುರುವಾದದ್ದು ಗೊತ್ತಿಲ್ಲದಿದ್ದರೆ ಕೊನೆಯ ಸಲ ಸರಿಯಿದ್ದ ಹೊತ್ತಿನಿಂದಲೇ ಲೆಕ್ಕ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಹೆಂಗಸು. ಅವಳನ್ನು ನೋಡಿದವರೇ ಇರುವುದಿಲ್ಲ. ಹಾಗಾಗಿ ನಾನು ಮನೆಯನ್ನು ಕೇಳುತ್ತೇನೆ. ರಂಗೋಲಿ ಪೂರ್ತಿಯಾಗಿದೆಯಾ, ಅರ್ಧಕ್ಕೆ ನಿಂತಿದೆಯಾ? ಹಾಲು ಕಾದಿದೆಯಾ, ಪ್ಯಾಕೆಟ್ ಇನ್ನೂ ಗೇಟಿನಲ್ಲೇ ನೇತಾಡುತ್ತಿದೆಯಾ? ಹಾಲಿನ ಹುಡುಗ, ಎದುರು ಮನೆಯಾಕೆ, ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ ಮಗಳು, ಇವರೆಲ್ಲ ಗಂಡನಿಗಿಂತ ನಂಬಲರ್ಹ ಸಾಕ್ಷಿಗಳು. (ಗಂಡ ‘ರಾತ್ರಿ ಚೆನ್ನಾಗೇ ಇದ್ದಳು’ ಅನ್ನುವುದರಾಚೆ ಹೋಗುವುದು ಅಪರೂಪ.)

5. ‘ಮಗ ಬರಲಿ’ ಅನ್ನುತ್ತಾರೆ ಮನೆಯವರು. ಕೂಲಿಗೆ, ಸಂತೆಗೆ, ಬೆಂಗಳೂರಿಗೆ ಹೋದ ಮಗ. ಗಂಡಸಿಗೆ ಹೀಗೆ ಯಾರೂ ಕಾಯುವುದಿಲ್ಲ. ನಾನು ವಾದಕ್ಕಿಳಿಯುವುದಿಲ್ಲ, ಮಗನಿಗೇ ಫೋನ್ ಹಚ್ಚಿಸಿ ‘ನೀವು ಸೀದಾ ಆಸ್ಪತ್ರೆಗೇ ಬನ್ನಿ’ ಅನ್ನುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಸಿಟಿ ಸ್ಕ್ಯಾನ್ ಇಲ್ಲದ ಹತ್ತಿರದ ಆಸ್ಪತ್ರೆಗಿಂತ ಸ್ಕ್ಯಾನ್ ಇರುವ ದೂರದ್ದು ಯಾಕೆ ಬೇಕು ಅಂತ ಮಗನಿಗೆ ಒಂದೇ ಮಾತಿನಲ್ಲಿ ಹೇಳಿ: ಮಿದುಳಿನಲ್ಲಿ ರಕ್ತಸ್ರಾವವಿಲ್ಲ ಅಂತ ಗೊತ್ತಾಗದೆ ಆ ಇಂಜೆಕ್ಷನ್ ಕೊಡುವಂತಿಲ್ಲ.

6. ಬಾಣಂತಿಗೆ ಬಿಡದ ತಲೆನೋವು, ಫಿಟ್ಸ್, ಒಂದು ಕಾಲಿನಲ್ಲಿ ಶಕ್ತಿ ಕಮ್ಮಿ: ಸನ್ನಿ ಅಂತ ತಾಯತ ಕಟ್ಟುವ ಮನೆಗಳಿಗೆ ಹೋಗಿದ್ದೇನೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೂ ಹೀಗಾಗುತ್ತದೆ. ಬಾಣಂತಿಗೆ ನೀರು ಅಳೆದು ಕೊಡುವ ರೂಢಿ ಅಪಾಯವನ್ನು ಇನ್ನಷ್ಟು ಏರಿಸುತ್ತದೆ. ಬಿಪಿ ನೋಡಿ, ಹೆರಿಗೆಯಾಗಿ ಎಷ್ಟು ದಿನ ಅಂತ ಕೇಳಿ, ತಾಯಿ ಕಾರ್ಡ್ ಎತ್ತಿಕೊಳ್ಳಿ.

7. ಬಾಯಿಗೆ ನೀರು, ಕಾಫಿ, ಮಾತ್ರೆ ಬೇಡ. ಆಸ್ಪಿರಿನ್ ಕೂಡ ಬೇಡ. ಬಿಪಿ ಏರಿದೆ ಅಂತ ದಾರಿಯಲ್ಲಿ ಇಳಿಸಲು ಹೋಗಬೇಡಿ. ನುಂಗುತ್ತಿರುವ ಮಾತ್ರೆಗಳ ಚೀಟಿ, ಕೊನೆಯ ಸಲ ನೋಡಿದವರ ನಂಬರ್, ಇವೆರಡು ಜೇಬಿನಲ್ಲಿರಲಿ. ದಾರಿಯಿಂದಲೇ ಕ್ಯಾಶುವಾಲ್ಟಿಗೆ ಫೋನ್ ಮಾಡುವಾಗ ‘ಹೆಂಗಸು, ತಲೆಸುತ್ತು’ ಅನ್ನಬೇಡಿ. ‘ಲಕ್ವದ ಅನುಮಾನ, ಬಲಗೈ ಬಿದ್ದಿದೆ, ಆರೂವರೆಗೆ ಸರಿಯಿದ್ದರು’ ಅನ್ನಿ.